ಕಂಡಕ್ಟರ್ ಕಡೆಯವರು

ಮನೆಯಲ್ಲೇ ಚಿಕಿತ್ಸೆ ಕೊಡುವವರು ಇನ್ನು ಮುಂದೆ ಲೈಸೆನ್ಸ್ ಪಡೆಯಲೇಬೇಕು ಎಂಬ ನಿಯಮ ಬಂದಾಗ ಮಾತಿನ ಟೀಚರ್ ಮೊದಲು ಗಾಬರಿಯಾಗಲಿಲ್ಲ. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ಅವಳ ಕಸುಬು. ಓದಿದ ಸರ್ಟಿಫಿಕೇಟುಗಳಿದ್ದವು, ಕೋಣೆಯಲ್ಲಿ ಗಾಳಿ ಬೆಳಕು ಚೆನ್ನಾಗಿತ್ತು. ನಿಯಮದ ಒಂದೇ ಒಂದು ಸಾಲು ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು: ಚಿಕಿತ್ಸೆಯ ಕೋಣೆಯಲ್ಲಿ ಮನೆಯವರ ಓಡಾಟ, ಮಾತುಕತೆ ಇರಕೂಡದು.

ಮನೆಯವರು ಅಂದರೆ ಅತ್ತೆ. ಚಿಕಿತ್ಸೆ ನಡೆಯುವ ಮುಂದಿನ ಕೋಣೆಗೂ ಅಡುಗೆಮನೆಗೂ ನಡುವೆ ಇದ್ದದ್ದು ಬರೀ ಒಂದು ಪರದೆ. ಅದರ ಹಿಂದೆ ಅತ್ತೆಯ ಬಾಯಿ ಬೆಳಗ್ಗೆ ಶುರುವಾದರೆ ನಿದ್ದೆ ಬಂದಾಗಲೇ ನಿಲ್ಲುತ್ತಿತ್ತು.

ಯಾವ ಅಧಿಕಾರಿಗೂ ಹೇಳಲಾಗದ ಇನ್ನೊಂದು ಸಂಗತಿಯೂ ಇತ್ತು. ಅವಳ ಹತ್ತಿರ ಬರುತ್ತಿದ್ದವರಲ್ಲಿ ಒಬ್ಬರು ನಿವೃತ್ತ ಬಸ್ ಕಂಡಕ್ಟರ್, ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ. ಟೀಚರ್ ಚಿತ್ರ ತೋರಿಸಿದರೂ ಕನ್ನಡಿ ಹಿಡಿದರೂ ತಲೆ ತಗ್ಗಿಸಿ ಕೂತುಬಿಡುತ್ತಿದ್ದರು. ಒಂದು ದಿನ ಪರದೆ ಹಿಂದಿನಿಂದ ಅತ್ತೆ, "ಈ ಕಂಡಕ್ಟರುಗಳೆಲ್ಲ ಅಷ್ಟೆ, ಕೈ ಅಡ್ಡ ಹಾಕಿದ್ರೂ ಬಸ್ ನಿಲ್ಸಲ್ಲ" ಎಂದರು. ಕಂಡಕ್ಟರ್ ಮುಖ ಕೆಂಪಗಾಯಿತು.

"ಸು... ಸುಳ್ಳು!"

ಅದೇ ಅವರ ಮೊದಲ ಮಾತು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ; ಇಲ್ಲಿ ಜಗಳವಿಲ್ಲದೆ ಮಾತೇ ಬರಲಿಲ್ಲ. ಅಂದಿನಿಂದ ದಿನವೂ ಪರದೆಯ ಆಚೆ ಈಚೆ ಕಿತ್ತಾಟ ನಡೆಯಿತು, ಒಂದೊಂದೇ ಪದ ಮರಳಿತು. ಪೂರ್ತಿ ವಾಕ್ಯ ಮಾತ್ರ ಇನ್ನೂ ಬಂದಿರಲಿಲ್ಲ.

ಲೈಸೆನ್ಸಿನ ತಪಾಸಣೆಯ ಹಿಂದಿನ ದಿನ ಟೀಚರ್ ಅತ್ತೆಯ ಮುಂದೆ ಕೈ ಮುಗಿದಳು. "ನಾಳೆ ಒಂದು ಗಂಟೆ ಸುಮ್ನಿದ್ಬಿಡಿ ಅತ್ತೆ. ದಮ್ಮಯ್ಯ, ಕೆಮ್ಮೂ ಬೇಡ."

"ಲೈಸೆನ್ಸ್ ಸಿಗ್ದಿದ್ರೆ ಏನಾಗುತ್ತೆ?"

"ಎಲ್ಲಾ ನಿಲ್ಲಿಸ್ಬೇಕು. ಕಂಡಕ್ಟರನ್ನೂ ವಾಪಸ್ ಕಳಿಸ್ಬೇಕು."

"ಅಯ್ಯೋ, ಹಾಗಾದ್ರೆ ತುಟಿ ಪಿಟಕ್ ಅನ್ನಲ್ಲ ಬಿಡು."

ಅಧಿಕಾರಿಣಿ ಕಂಡಕ್ಟರ್ ಇದ್ದ ಹೊತ್ತಿಗೇ ಬಂದರು. ಕೋಣೆ ಅಳೆದು, ಮೂಲೆಯ ಕುರ್ಚಿಯಲ್ಲಿ ಕೂತು, "ನಿಮ್ಮ ಕೆಲಸ ನಡೀಲಿ" ಎಂದರು. ಟೀಚರ್ ಚಿತ್ರ ತೋರಿಸಿದಳು. ಕಂಡಕ್ಟರ್ ಚಿತ್ರ ನೋಡಲಿಲ್ಲ, ಪರದೆ ನೋಡಿದರು. ಅಡುಗೆಮನೆಯಿಂದ ಒಂದು ಸದ್ದೂ ಇಲ್ಲ. ಅವರು ಚಡಪಡಿಸಿದರು, ಮೇಜು ಹಿಡಿದು ಎದ್ದರು, ಹೋಗಿ ಪರದೆ ಸರಿಸಿಯೇಬಿಟ್ಟರು. ಅಲ್ಲಿ ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು.

"ಯಾಕೆ... ಇವತ್ತು ನೀವು... ಮಾತಾಡ್ತಾ ಇಲ್ಲ? ಹುಷಾರಿಲ್ವಾ?"

ಪೂರ್ತಿ ವಾಕ್ಯ! ಟೀಚರಿಗೆ ಕುಣಿಯುವಷ್ಟು ಸಂತೋಷವಾಯಿತು. ಅದರ ಬೆನ್ನಿಗೇ ಲೈಸೆನ್ಸ್ ಕೈತಪ್ಪಿತು ಎನ್ನಿಸಿತು.

"ಇವ್ರು ಯಾರು?" ಅಧಿಕಾರಿಣಿ ಕೇಳಿದರು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನಮ್ಮತ್ತೆ, ಮೇಡಂ. ಇವರಿಗೆ ಅರ್ಧ ಮಾತು ಬಂದಿದ್ದೇ ಅವರಿಂದ."

"ಅದೆಲ್ಲ ಸರಿ, ನಿಯಮ ಅಂದ್ರೆ ನಿಯಮ. ಪರದೆ ತೆಗೆದು ಇಲ್ಲಿ ಬಾಗಿಲು ಇಡಿಸಿ. ನಿಮ್ಮ ಮನೆಯವರು ಒಳಗೆ ಬರೋ ಹಾಗಿಲ್ಲ. ರೋಗಿ ಕಡೆಯವರು ಒಬ್ರು ಬೇಕಾದ್ರೆ ಜೊತೇಲಿ ಕೂರ್ಬಹುದು." ಕಂಡಕ್ಟರ್ ಕಡೆ ತಿರುಗಿದರು. "ನಿಮ್ಮ ಕಡೆಯವರು ಯಾರೂ ಬಂದಿಲ್ವಾ?"

ಕಂಡಕ್ಟರ್ ಸ್ವಾಧೀನದಲ್ಲಿದ್ದ ಕೈಯನ್ನು ಎತ್ತಿ ಅತ್ತೆಯನ್ನು ತೋರಿಸಿದರು. "ಇವ್ರೇ. ನನ್ನ... ಕಡೆಯವ್ರು."

ಅತ್ತೆಯ ಕಣ್ಣು ತುಂಬಿತು. ಅಧಿಕಾರಿಣಿ ಪೆನ್ನು ಹಿಡಿದು ಯೋಚಿಸಿದರು. "ಯಾರನ್ನ ಕರ್ಕೊಂಡು ಬರ್ಬೇಕು ಅನ್ನೋದು ರೋಗಿ ಇಷ್ಟ. ಆದ್ರೆ ಅಡುಗೆಮನೆಯಿಂದ ಬರೋದು ಬೇಡ. ಅವರ ಜೊತೆ ಮುಂಬಾಗಿಲಲ್ಲೇ ಬರ್ಲಿ."

ಬಡಗಿ ಬಂದು ಬಾಗಿಲು ಇಟ್ಟ, ಲೈಸೆನ್ಸೂ ಬಂತು. ಈಗ ಕಂಡಕ್ಟರ್ ಬರುವ ಹೊತ್ತಿಗೆ ಅತ್ತೆ ಒಲೆ ಆರಿಸಿ, ಹಿಂಬಾಗಿಲಿಂದ ಹೊರಟು, ಮನೆ ಸುತ್ತಿ ಮುಂಬಾಗಿಲಿಗೆ ಬರುತ್ತಾರೆ. "ನನ್ನ ಮನೆಗೆ ನಾನೇ ನೆಂಟಳಾದೆ" ಎಂದು ಗೊಣಗುತ್ತಾ ಕಂಡಕ್ಟರ್ ಚಪ್ಪಲಿ ಪಕ್ಕ ತಮ್ಮ ಚಪ್ಪಲಿ ಬಿಟ್ಟು, ಅವರ ಜೊತೆಯಲ್ಲಿ ಹೊರಗಿನ ಬೆಂಚಿನ ಮೇಲೆ ಕಾಯುತ್ತಾರೆ.

"ಕಂಡಕ್ಟರ್ ಮತ್ತೆ ಅವರ ಕಡೆಯವರು ಬನ್ನಿ" ಎಂದು ಟೀಚರ್ ಒಳಗಿನಿಂದ ಕರೆಯುತ್ತಾಳೆ.

"ಬಂದ್ವಿ" ಎನ್ನುತ್ತಾರೆ ಕಂಡಕ್ಟರ್, ಇಬ್ಬರ ಪರವಾಗಿ.