ಹಸಿವಿಲ್ಲದ ಗಿರಣಿ

ನಿರಾಶ್ರಿತರ ಬಡತನ ಅಳೆಯುವುದು ನಮ್ಮ ಕಚೇರಿಯ ಕೆಲಸ. ಮುಖ್ಯಸ್ಥರನ್ನು ನಾವು ಬೆನ್ನ ಹಿಂದೆ ಶೇಕಡಾ ಸಾಹೇಬರು ಎನ್ನುತ್ತೇವೆ. ಮದುವೆಗೆ ಕರೆದರೆ ಶೇಕಡಾ ಎಂಬತ್ತು ಬರುತ್ತೇನೆ ಎನ್ನುವ ಆಸಾಮಿ. 'ನೀವು ಹಸಿದಿದ್ದೀರಾ?' ಎಂದು ಕೇಳುವುದು ಒರಟು, ಮನೆಯವರಂತೆ ಕೇಳಬೇಕು ಎಂದು ಅವರೇ ಪ್ರಶ್ನೆ ತಿದ್ದಿದರು: 'ಊಟ ಆಯ್ತಾ?'

ಮುಚ್ಚಿದ ಬಟ್ಟೆ ಗಿರಣಿಯೊಳಗೆ ಪರದೆ ಕಟ್ಟಿಕೊಂಡು ಬದುಕುತ್ತಿರುವ ಅಷ್ಟೂ ಸಂಸಾರಗಳನ್ನು ನಾನು ಕೇಳಿದೆ. ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಮಲಗುವವರೆಲ್ಲ ಒಂದೇ ಉಸಿರಿಗೆ, 'ಆಯ್ತು, ನಿಮ್ದು?' ಎಂದರು. ಇನ್ನೇನನ್ನುತ್ತಾರೆ, ನನ್ನ ಕರ್ಮ! ಹಸಿವು ಶೇಕಡಾ ಸೊನ್ನೆ ಎಂದು ಲೆಕ್ಕ ಬಂತು. ಸಾಹೇಬರು ಕಚೇರಿಗೆಲ್ಲ ಸಿಹಿ ಹಂಚಿ, ಬರುವ ತಿಂಗಳಿಂದ ಗಿರಣಿಗೆ ರೇಷನ್ ಬೇಡ ಎಂದರು.

'ಸಾರ್, ಅದು ಪ್ರಶ್ನೆ ಅಲ್ಲ, ನಮಸ್ಕಾರ ಇದ್ದ ಹಾಗೆ.'

'ನಮಸ್ಕಾರದಲ್ಲಿ ಯಾರಮ್ಮ ಸುಳ್ಳು ಹೇಳ್ತಾರೆ?'

ಕೊನೆಗೆ ನನ್ನ ಕಾಟ ತಾಳಲಾರದೆ, ಒಂದು ಮನೆಗೆ ತಾವೇ ಬಂದು ಕೇಳಲು ಒಪ್ಪಿದರು. ಅಲ್ಲಿ 'ಇಲ್ಲ' ಎಂಬ ಉತ್ತರ ಬಂದರೆ ರೇಷನ್ ಉಳಿಯುತ್ತದೆ.

ನಾನು ಆರಿಸಿದ್ದು ಮೂರನೇ ಮಹಡಿಯ ಅಜ್ಜಿಯನ್ನು. ಆಕೆಗಿರುವವಳು ಸೊಸೆ ಒಬ್ಬಳೇ. ತುಂಬು ಬಸುರಿ, ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹಾಕುವ ಕೆಲಸ. ರೇಷನ್ ನಿಂತರೆ ಹೊಟ್ಟೆಯೊಳಗಿನ ಕೂಸಿಗೂ ಕುತ್ತು. ಸೊಸೆ ಕೆಲಸಕ್ಕೆ ಹೋದ ಮೇಲೆ ಅಜ್ಜಿಗೆ ಪಾಠ ಶುರು ಮಾಡಿದೆ.

'ಇಲ್ಲ ಅನ್ನಿ ಅಜ್ಜಿ.'

'ಬಾಗಿಲಿಗೆ ಬಂದೋರಿಗೆ ಹಾಗನ್ನೋಕಾಗುತ್ತಾ ತಾಯಿ? ನೀನೇ ಬಡಿಸು ಅಂತ ಕೇಳ್ದಂಗಾಗಲ್ವಾ?'

'ಕೇಳೋಕೇ ಅಜ್ಜಿ ಇಷ್ಟೆಲ್ಲ ಒದ್ದಾಟ!'

ಆಕೆ ನೂರು ಸಲ 'ಆಯ್ತು' ಎಂದು, ನೂರು ಸಲ ನಾಲಿಗೆ ಕಚ್ಚಿಕೊಂಡು, ಕಡೆಗೊಮ್ಮೆ ಕಣ್ಣು ಮುಚ್ಚಿ 'ಇಲ್ಲ' ಎಂದಳು. ನನಗೆ ಹೋದ ಜೀವ ಬಂದಂತಾಯಿತು.

ಮಧ್ಯಾಹ್ನ ಸಾಹೇಬರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. 'ಊಟ ಆಯ್ತಾ ಅಜ್ಜಿ?'

'ಇಲ್ಲ,' ಎಂದಳು ಅಜ್ಜಿ.

ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಆಕೆ ಸಾಹೇಬರ ಮುಖ ದಿಟ್ಟಿಸಿದಳು. 'ನಿಂದೂ ಆಗಿಲ್ಲ ಮಗಾ. ಮುಖ ಬಾಡ್ಹೋಗಿದೆ. ಕೂತ್ಕೋ.'

ಸೊಸೆಗೆಂದು ಮುಚ್ಚಿಟ್ಟಿದ್ದ ಗಂಜಿ ತಟ್ಟೆಗೆ ಬಿತ್ತು. ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ, ಕೊನೆಗೆ ತಟ್ಟೆಯನ್ನೇ ಹಿಡಿದೆಳೆದೆ. ಅಜ್ಜಿ ನನ್ನ ಕೈಗೆ ಪಟ್ಟೆಂದು ಹೊಡೆದಳು. ಸಾಹೇಬರು ಬೇಡ ಬೇಡ ಎನ್ನುತ್ತಲೇ ತಟ್ಟೆ ಬಳಿದು ಉಂಡರು. ಅವರ ಕಣ್ಣಲ್ಲಿ ನೀರಿತ್ತು.

'ಇಂಥ ಊಟ ಮಾಡಿ ಎಷ್ಟು ವರ್ಷ ಆಯ್ತಮ್ಮ! ಇವರನ್ನ ಬಡವರು ಅಂತ ಬರೆಯೋಕೆ ನನ್ನ ಮನಸ್ಸು ಒಪ್ಪಲ್ಲ.'

'ಮನಸ್ಸು ಒಪ್ಪದಿದ್ರೆ ಕೈಯಲ್ಲಿ ಬರೀರಿ ಸಾರ್!' ಎಂದು ಕಿರುಚಿದೆ.

ಅವರು ಬರೆದದ್ದು: 'ಬಂದವರಿಗೆ ಬಡಿಸಿ ಮಿಗುವಷ್ಟಿದೆ. ರೇಷನ್ ನಿಲ್ಲಿಸಬಹುದು.' ಆಮೇಲೆ ಅಜ್ಜಿಗೆ ಭಕ್ತಿಯಿಂದ ಕೈಮುಗಿದು ಇಳಿದು ಹೋದರು. ಮೆಟ್ಟಿಲಿಂದ ತಳ್ಳಿಬಿಡುವಷ್ಟು ಸಿಟ್ಟು ಬಂದಿತ್ತು ನನಗೆ.

ಸಂಜೆ ಸೊಸೆ ಬಂದಳು. ಸೊಂಟ ಹಿಡಿದುಕೊಂಡೇ ಬಗ್ಗಿ ಪಾತ್ರೆಯ ಮುಚ್ಚಳ ತೆಗೆದಳು.

'ಅತ್ತೆ, ಗಂಜಿ?'

'ಪಾಪ ಕಣೇ, ಹಸಿದವನೊಬ್ಬ ಬಂದಿದ್ದ.'

ಸೊಸೆ ಖಾಲಿ ಪಾತ್ರೆಯನ್ನು ತೊಳೆಯಲು ಎತ್ತಿಕೊಳ್ಳುತ್ತಾ ಕೇಳಿದಳು:

'ಹೊಟ್ಟೆ ತುಂಬ್ತಂತಾ ಅವನಿಗೆ?'