ಅವಳಿಗಳ ಅಪ್ಪ

ಕಿಟ್ವೆ ನಗರದ ತಾಮ್ರದ ಗಣಿಯಲ್ಲಿ ಕೆಲಸ ಹೋದ ಮೇಲೆ ಮುಟಾಲೆ ಮನೆಯಲ್ಲೇ ಉಳಿದು ಅವಳಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ. ಹೆಂಡತಿ ಬುಪೆ ಆಸ್ಪತ್ರೆಯಲ್ಲಿ ನರ್ಸ್. ಅಂದು ಒಂದು ಮಗುವನ್ನು ಬೆನ್ನಿಗೆ ಕಟ್ಟಿ, ಇನ್ನೊಂದನ್ನು ಕಂಕುಳಲ್ಲಿ ಎತ್ತಿಕೊಂಡು ಬೀದಿಯ ನಲ್ಲಿಗೆ ಬಂದ. ಎರಡೂ ಅಳುತ್ತಿದ್ದವು.

"ಏನಪ್ಪಾ, ಹಾಲೂ ನೀನೇ ಕುಡಿಸ್ತೀಯಾ?" ಎಂದಳು ನೀರಿಗೆ ನಿಂತಿದ್ದ ಒಬ್ಬಳು. ಹೆಂಗಸರೆಲ್ಲ ನಕ್ಕರು.

"ಬರೋ ಹಾಗಿದ್ರೆ ಕುಡಿಸ್ತಿದ್ದೆ ಅಕ್ಕಾ. ಸುಮ್ನಾದ್ರೂ ಆಗ್ತಿದ್ವು." ಅವನ ದನಿ ಒಡೆಯಿತು. ನಗು ನಿಂತಿತು.

ನೆರೆಮನೆಯ ಚೋಲಾ ಬಂದು ಎರಡೂ ಮಕ್ಕಳನ್ನು ಎತ್ತಿಕೊಂಡಳು. "ಹೋಗು ತಮ್ಮಾ, ಕೂತ್ಕೊಂಡು ಉಣ್ಣು."

ಅವನು ಮನೆಗೆ ಹೋಗಿ ಮೆಕ್ಕೆಜೋಳದ ಮುದ್ದೆ ಬಡಿಸಿಕೊಂಡ. ತುತ್ತು ಮುರಿದವನು ಹಾಗೇ ಗೋಡೆಗೊರಗಿ ನಿದ್ದೆಹೋದ. ಸಂಜೆ ಬುಪೆ ಬಂದಾಗ ಆ ತುತ್ತು ಅವನ ಬೆರಳುಗಳಲ್ಲೇ ಒಣಗಿತ್ತು. ಅವಳು ಎಬ್ಬಿಸಲಿಲ್ಲ. ಚಪ್ಪಲಿ ಬಿಚ್ಚದೆ ಚೋಲಾಳ ಮನೆಯಿಂದ ಮಕ್ಕಳನ್ನು ಕರೆತರಲು ಹೋದಳು.