ಹೊರಗಿನ ರೆಪೊಗೆ ಕಮಳಾಬಾಯಿಯ ಐದು ಪ್ರಶ್ನೆ

ಕಳೆದ ವೈಶಾಖದಲ್ಲಿ ವೈಜನಾಥ ಸಾವಕಾರರ ಬಸವಕಲ್ಯಾಣದ ಫಂಕ್ಷನ್ ಹಾಲಿನ ಗೇಟಿಗೆ ಒಂದೇ ಹೊತ್ತಿಗೆ ಇಬ್ಬರು ವರರು ಎರಡು ಕುದುರೆಗಳ ಮೇಲೆ ಬಂದು ನಿಂತಿದ್ದರು. ಎರಡು ಬ್ಯಾಂಡಿನವರು ಒಂದೇ ಹಾಡನ್ನು ಎರಡು ಶ್ರುತಿಯಲ್ಲಿ ಬಾರಿಸಿದರು. ಎರಡೂ ಕಡೆಯ ಸೋದರಮಾವಂದಿರು ತೋಳು ಮಡಚಿದರು. ಕುದುರೆಗಳು ಮಾತ್ರ ಒಬ್ಬನೇ ಮಾಲೀಕನವು; ಅವು ಮೂಗಿಗೆ ಮೂಗು ತಾಗಿಸಿ ಸುಮ್ಮನೆ ನಿಂತವು. ಕೊನೆಗೆ ಒಂದು ಮದುವೆ ಹಾಲಿನಲ್ಲಿ, ಇನ್ನೊಂದು ಪಾರ್ಕಿಂಗಿನಲ್ಲಿ ಆಯಿತು. ಪಾರ್ಕಿಂಗಿನ ಬೀಗರು ಇವತ್ತಿಗೂ ಸಾವಕಾರರನ್ನು ಕಂಡರೆ ರಸ್ತೆ ದಾಟುತ್ತಾರೆ.

ಆಮೇಲೆಯೇ ಸಾವಕಾರರು ಬುಕಿಂಗಿನ ವಹಿಯನ್ನು ಕಪಾಟಿಗೆ ಹಾಕಿ, ಹುಮನಾಬಾದಿನ ಆಫೀಸಿನಲ್ಲಿ ಸರ್ವರ್ ಇಡಿಸಿದ್ದು. ಅದನ್ನು ನೋಡಿಕೊಳ್ಳಲು ಸುಮೇಧಾಳನ್ನು ಆರು ತಿಂಗಳ ಮಟ್ಟಿಗೆ ಪರೀಕ್ಷೆಗೆಂದು ಇಟ್ಟುಕೊಂಡದ್ದು. ಆ ಆರು ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಸಂಜೆ ಐದಕ್ಕೆ ಬಸವಕಲ್ಯಾಣ, ಹುಮನಾಬಾದ್ ಎರಡೂ ಕಡೆಯ ಹಾಲುಗಳ ಮುಂದಿನ ಸೀಸನ್ನಿನ ಬುಕಿಂಗ್ ಹೊಸ ಪುಟದಲ್ಲಿ ತೆರೆಯಬೇಕು. ತೆರೆದರೆ ಕೆಲಸ ಖಾಯಂ. ಇಲ್ಲದಿದ್ದರೆ ಸಾವಕಾರರ ಅಣ್ಣನ ಮಗ ಧನರಾಜನಿಗೆ ಅವಳ ಕುರ್ಚಿ. ಅನುಕೂಲಕ್ಕೆಂದು ಧನರಾಜ ಬೆಳಿಗ್ಗೆಯಿಂದಲೇ ಪಕ್ಕದ ಕುರ್ಚಿಯಲ್ಲಿ ಬಂದು ಕುಳಿತಿದ್ದ.

ತೊಡಕು ದೊಡ್ಡದಲ್ಲ. ಸರ್ವರಿನಲ್ಲಿ ಇದ್ದದ್ದು ಲಿನಕ್ಸ್. ಅದಕ್ಕೆ ಬೇಕಾದ ತಂತ್ರಾಂಶಗಳು ಅದರದೇ ಒಂದು ಭಂಡಾರದಿಂದ ಬರುತ್ತವೆ. ಬಲ್ಲವರು ಅದನ್ನು ರೆಪೊ ಎನ್ನುತ್ತಾರೆ. ಹೊಸ ಪುಟಕ್ಕೆ ಬೇಕಿದ್ದ ಡೇಟಾಬೇಸ್ ಆ ಭಂಡಾರದಲ್ಲಿ ಹಳೆಯದಿತ್ತು. ಹೊಸದು ಹೊರಗಿನವರ ರೆಪೊದಲ್ಲಿತ್ತು. ಹೊರಗಿನವರ ವಿಳಾಸವನ್ನು ಸರ್ವರಿಗೆ ಒಮ್ಮೆ ಬರೆದುಕೊಟ್ಟರೆ ಸಾಕು, ಆಮೇಲೆ ಪ್ರತಿ ಅಪ್‌ಡೇಟಿಗೂ ಅವರು ಬಾಗಿಲು ಬಡಿಯದೆ ಒಳಗೆ ಬರುತ್ತಾರೆ.

“ಏನ್ ವಿಚಾರ ಮಾಡಾಕತ್ತೀರಿ ಮೇಡಂ?” ಧನರಾಜ ತನ್ನ ಮೊಬೈಲನ್ನು ಅವಳ ಮುಂದೆ ಹಿಡಿದ. “ಈ ವಿಡಿಯೋದಾಗ ಒಂದ ಸಾಲಿನಾಗ ಮುಗಿಸ್ಯಾನ. ಕಾಪಿ, ಪೇಸ್ಟ್, ಎಂಟರ್. ಖತಂ.”

ಗಂಟೆ ಮೂರಾಗಿತ್ತು. ಹೊರಗಿನವರ ವಿಳಾಸವಿದ್ದ ಆ ಸಾಲನ್ನು ಸುಮೇಧಾ ಪರದೆಯ ಮೇಲೆ ಇಳಿಸಿಕೊಂಡಿದ್ದಳು. ಎಂಟರ್ ಒತ್ತುವುದಷ್ಟೇ ಉಳಿದಿತ್ತು.

ಅಷ್ಟರಲ್ಲಿ ಅವಳ ಅತ್ತೆ ಕಮಳಾಬಾಯಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಂದಳು. ಬಸವಕಲ್ಯಾಣದ ಅವರ ಓಣಿಯಲ್ಲಿ ಕಮಳಾಬಾಯಿ ಹೋಗಿ ಕೇಳಿ ಬಾರದೆ ಒಂದು ಸಂಬಂಧವೂ ಕೂಡುವುದಿಲ್ಲ. ಇವತ್ತು ಪಕ್ಕದ ಮನೆಯ ಪ್ರಣಿತಾಳಿಗೆಂದು ಬಂದಿದ್ದಳು. ಹುಡುಗ ನಿರ್ಣಾದವನು, ಸಂಘಪಾಲ ಎಂದು ಹೆಸರು, ಇಲ್ಲೇ ಹುಮನಾಬಾದಿನಲ್ಲಿ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಊರೆಲ್ಲ ತಿರುಗಿ ಕೇಳಿ ಮುಗಿಸಿದ್ದಳು. ಸಂಜೆಯ ಬಸ್ಸಿಗೆ ಸೊಸೆಯ ಜೊತೆ ಮನೆಗೆ ಹೋಗುವುದೆಂದು ಮಾತಾಗಿತ್ತು. ಮಗ ಸಂಘರತ್ನ ತೀರಿಕೊಂಡು ಎರಡು ವರ್ಷವಾದರೂ ಸೊಸೆ ತವರಿಗೆ ಹೋಗಿರಲಿಲ್ಲ. ಯಾಕೆಂದು ಇವಳು ಕೇಳಲಿಲ್ಲ, ಅವಳು ಹೇಳಲಿಲ್ಲ.

“ಇನ್ನ ಮುಗ್ದಿಲ್ಲೇನವ್ವಾ?”

“ಇಲ್ರಿ ಅತ್ತಿ. ಹೊರಗಿನವರ ಸಾಮಾನ ಒಳಗ ತರೂದದ.”

“ಹೊರಗಿನವರಂದ್ರ ಯಾರ ಪೈಕಿ?”

ಸುಮೇಧಾ ಪರದೆಯ ಮೇಲಿನ ವಿಳಾಸವನ್ನು ಇನ್ನೊಮ್ಮೆ ಓದಿದಳು.

“ಆಯಿ, ಇದು ಕಂಪ್ಯೂಟರ್,” ಧನರಾಜ ನಕ್ಕ. “ಇದರಾಗ ಪೈಕಿ ಗೀಕಿ ಇರೂದಿಲ್ಲ.”

“ಮನಿಯೊಳಗ ಬರಾಂವ ಹೌದಿಲ್ಲೋ ತಮ್ಮಾ? ಬರಾಂವ ಅಂದಮ್ಯಾಗ ಅವಂಗೊಂದು ಊರಿರತದ.” ಕಮಳಾಬಾಯಿ ಸ್ಟೂಲು ಎಳೆದುಕೊಂಡು ಕುಳಿತು ಕಿರುಬೆರಳು ಮಡಚಿದಳು. ಅವಳು ಕೇಳುವುದು ಐದೇ ಪ್ರಶ್ನೆ, ಬೆರಳಿಗೊಂದು. “ಯಾವೂರು?”

ಸುಮೇಧಾ ಆ ವಿಳಾಸದ ಜಾತಕ ತೆಗೆಸಿದಳು. ಡೇಟಾಬೇಸ್ ಮಾಡಿದವರಿಗೂ ಅದಕ್ಕೂ ಸಂಬಂಧವಿರಲಿಲ್ಲ.

“ಊರು ಹೊಸದದರಿ ಅತ್ತಿ. ಹುಟ್ಟಿ ಮೂರು ವಾರ ಆಗ್ಯಾದ.”

“ಮೂರು ವಾರದ ಊರಿಗಿ ಹೆಣ್ಣು ಯಾರ ಕೊಡತಾರ?” ಎರಡನೆಯ ಬೆರಳು ಮಡಚಿತು. “ಅಲ್ಲಿಂದ ಮೊದಲ ಯಾರ್ಯಾರು ಸಂಬಂಧ ಮಾಡ್ಯಾರ?”

ವಿಡಿಯೋದ ಕೆಳಗೆ ಹನ್ನೊಂದು ಮಂದಿ ಬರೆದಿದ್ದರು. ಒಂಬತ್ತು ಮಂದಿ “ಸೂಪರ್ ಬ್ರೋ” ಎಂದಷ್ಟೇ ಬರೆದಿದ್ದರು.

“ಅದರಾಗ ಒಂದು ನಂದೇ ಅದ,” ಎಂದ ಧನರಾಜ, ದನಿ ಸ್ವಲ್ಪ ಇಳಿಸಿ.

ಮೂರನೆಯ ಬೆರಳು. “ಬರಾಗ ಏನೇನು ಹೊತಕೊಂಡು ಬರತಾನ?”

ಸುಮೇಧಾ ಆ ಸಾಲು ಏನು ತರಿಸುತ್ತದೆಂದು ಒಂದೊಂದಾಗಿ ಬಿಡಿಸಿ ಓದಿದಳು. ಓದುತ್ತ ಓದುತ್ತ ಕುರ್ಚಿಯ ತುದಿಗೆ ಬಂದಳು. “ನಾವು ಕೇಳಿದ್ದು ಒಂದು. ಇಂವ ನಾಲ್ವತ್ತೊಂದು ತರತಾನಂತ. ನಾವು ಹಾಕಿದ ಬಾಗಿಲ ಚಿಲಕಾ ತೆಗದು ತನ್ನ ಚಿಲಕಾ ಹಾಕತಾನಂತ.”

“ಕೇಳಲಾರದ ಇಷ್ಟು ಕೊಡತಾರಂದ್ರ ಹುಡುಗಗ ಏನೋ ಐಬು ಅದ,” ಎಂದಳು ಕಮಳಾಬಾಯಿ. “ತಗದು ಒಗಿ.”

ಸುಮೇಧಾ ಸಾಲನ್ನು ಅಳಿಸಿದಳು. ಗಂಟೆ ಮೂರೂವರೆ. ಎಂಟರ್ ಒತ್ತಿದ್ದರೆ ಇಷ್ಟೊತ್ತಿಗೆ ಸರ್ವರ್ ಯಾರ ಕೈಯಲ್ಲೋ ಇರುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದ್ದು ಇದನ್ನೇ. ಓದಿದ್ದೆಲ್ಲ ಎಲ್ಲಿ ಹೋಗಿತ್ತೋ.

ಡೇಟಾಬೇಸ್ ಮಾಡಿದವರದೇ ಒಂದು ರೆಪೊ ಇತ್ತು. ಹುಡುಕಿದಳು, ಒಂದಲ್ಲ, ಎರಡು ಸಿಕ್ಕವು. ಎರಡರದೂ ಒಂದೇ ಬಣ್ಣ, ಒಂದೇ ಚಿತ್ರ. ಕೆಳಗೆ ಎರಡರಲ್ಲೂ ‘ನಾವೇ ಅಸಲಿ’ ಎಂಬರ್ಥದ ಮಾತು.

“ಗುರುತು?” ನಾಲ್ಕನೆಯ ಬೆರಳು ಮಡಚಿತು. “ನಮ್ಮ ಅನುರಾಧಾನ ಮದವ್ಯಾಗ ಏನಾತು? ತೋರಿಸಿದ್ದು ತಮ್ಮನ ಫೋಟೋ, ಬಾಸಿಂಗ ಕಟಗೊಂಡು ಬಂದಾಂವ ಅಣ್ಣ.”

“ಗುರುತು ಅದರಿ. ಪ್ರತಿಯೊಂದಕ್ಕೂ ನಾಲ್ವತ್ತು ಅಕ್ಷರದ ಬೆರಳಚ್ಚು ಇರತದ. ಅವರ ಪುಟದಾಗೇ ಬರದಾರ.”

“ಅವರ ಪುಟದಾಗ!” ಕಮಳಾಬಾಯಿ ಧನರಾಜನ ಕಡೆಗೆ ತಿರುಗಿದಳು, ಸಾಕ್ಷಿಗೆ. “ಬೀಗರ ಗುಣ ಬೀಗರನ್ನ ಕೇಳತಾರೇನು ತಮ್ಮಾ? ಅವರ ಓಣ್ಯಾಗಿನ ಗಿರಣಿಯವನ್ನ ಕೇಳಬೇಕು. ಅಂವಗ ಎಲ್ಲಾರ ಮನಿ ಹಿಟ್ಟು ಗೊತ್ತಿರತದ.”

ಸುಮೇಧಾ ಕಲಬುರ್ಗಿಗೆ ಫೋನು ಹಚ್ಚಿದಳು. ಅತಿಯಾ ಅವಳ ಜೊತೆ ಓದಿದವಳು, ಅಲ್ಲಿಯ ಒಂದು ಕಂಪನಿಯಲ್ಲಿ ಇದೇ ಡೇಟಾಬೇಸನ್ನು ಎರಡು ವರ್ಷದಿಂದ ನಡೆಸುತ್ತಿದ್ದವಳು.

“ಏ ಸುಮೀ! ಜಿಂದಾ ಇದ್ದೀಯೇನು?” ಎಂದು ಅತಿಯಾ ಕೂಗಿ, ಸಂಘರತ್ನ ನೆನಪಾಗಿ ತಟ್ಟನೆ ನಾಲಗೆ ಕಚ್ಚಿಕೊಂಡಳು.

“ಇದ್ದೇನಿ. ನಿನ್ನ ಸರ್ವರಿನ್ಯಾಗಿನ ಬೆರಳಚ್ಚು ಓದು.”

ಅತಿಯಾ ನಾಲ್ಕು ನಾಲ್ಕಾಗಿ ಓದತೊಡಗಿದಳು. ಮೊದಲನೆಯ ಪುಟದ್ದು ಮೊದಲ ನಾಲ್ಕಕ್ಕೇ ಬಿದ್ದುಹೋಯಿತು. “ಅಣ್ಣ,” ಎಂದಳು ಕಮಳಾಬಾಯಿ. ಎರಡನೆಯದು ಎಂಟು ದಾಟಿತು, ಹನ್ನೆರಡು ದಾಟಿತು. ಧನರಾಜ ತನಗರಿವಿಲ್ಲದೆ ಪೆನ್ನು ಹಿಡಿದು ಒಂದೊಂದಕ್ಕೂ ಗೀಟು ಹಾಕುತ್ತಿದ್ದ. ಮೂವತ್ತಾರರ ಹೊತ್ತಿಗೆ ಮೂವರೂ ಉಸಿರು ಹಿಡಿದಿದ್ದರು. ನಾಲ್ವತ್ತೂ ಕೂಡಿತು.

“ಸಂಬಂಧ ಪಕ್ಕಾ ರೀ ಆಯಿ!” ಎಂದು ಧನರಾಜ ಟೇಬಲ್ ಗುದ್ದಿದ. ಆಮೇಲೆ ತಾನು ಯಾರ ಕುರ್ಚಿಗಾಗಿ ಬಂದವನೆಂಬುದು ನೆನಪಾಗಿ ಪೆನ್ನಿನ ಮುಚ್ಚಳ ಹಾಕಿದ.

ಉಳಿದದ್ದು ಹೆಬ್ಬೆರಳು. “ಬಂದಮ್ಯಾಗ ಎಲ್ಲೆಲ್ಲಿ ಕೈ ಹಾಕತಾನ?”

“ಡೇಟಾಬೇಸ್ ಒಂದ ಕೊಡಬೇಕು, ಬ್ಯಾರೆ ಏನ ತಂದ್ರೂ ತಗೊಬ್ಯಾಡ ಅಂತ ಬರದಿಡತೇನ್ರಿ.”

“ಬರಿ. ಮದುವಿಗಿ ಬರಲಿ, ಹೋಳಿಗಿ ಉಣ್ಣಲಿ, ನಮ್ಮ ಮನಿ ಹಿಸ್ಸೆದಾಗ ಬಾಯಿ ಹಾಕಬಾರದು.”

ಐದಕ್ಕೆ ಹತ್ತು ನಿಮಿಷವಿರುವಾಗ ವೈಜನಾಥ ಸಾವಕಾರರು ಬಂದರು. ಪರದೆಯ ಮೇಲೆ ಅಕ್ಷರಗಳು ಸರಸರ ಮೇಲೇರುತ್ತಿದ್ದವು. ಅದನ್ನೂ ಸ್ಟೂಲಿನ ಮೇಲಿದ್ದ ಕಮಳಾಬಾಯಿಯನ್ನೂ ಒಂದೇ ಅನುಮಾನದಿಂದ ನೋಡಿದರು.

“ಯಾರದಿದು ಸಾಮಾನ? ಏನು ತಗೋತಾರ?”

“ಏನಿಲ್ರಿ, ಮುಫತ್ತು,” ಎಂದಳು ಸುಮೇಧಾ.

“ಮುಫತ್ತು!” ಸಾವಕಾರರ ಹುಬ್ಬು ಏರಿತು. “ವಿಚಾರಿಸೀರೇನು?”

“ಐದೂ ಬೆರಳು ಮಡಚೇವ್ರಿ ಕಾಕಾ,” ಎಂದ ಧನರಾಜ.

ಐದಕ್ಕೆ ಸರಿಯಾಗಿ ಪುಟ ತೆರೆಯಿತು. ಖಾಲಿ ಪುಟ. ಒಂದು ನಿಮಿಷ ಯಾವ ಬುಕಿಂಗೂ ಬರಲಿಲ್ಲ. ಸಾವಕಾರರು ಧನರಾಜನ ಕಡೆ ನೋಡಿದರು. ಸುಮೇಧಾ ಪರದೆಯ ಕಡೆಗೇ ನೋಡುತ್ತಿದ್ದಳು. ಎರಡನೆಯ ನಿಮಿಷಕ್ಕೆ ಟಣ್ ಎಂದಿತು, ಮೊದಲ ಬುಕಿಂಗ್. ಅದೇ ದಿನಕ್ಕೆ, ಅದೇ ಹಾಲಿಗೆ ಇನ್ನೊಂದು ಬಂತು. ಪುಟ ಅದನ್ನು ಮರ್ಯಾದೆಯಿಂದ ಹಿಂದಕ್ಕೆ ಕಳಿಸಿತು.

“ಪಾರ್ಕಿಂಗ್ ಉಳೀತು,” ಎಂದು ಸಾವಕಾರರು ನಿಟ್ಟುಸಿರು ಬಿಟ್ಟರು. “ಮೇಡಮ್ಮಾರ, ಖಾಯಂ. ಧನ್ಯಾ, ಎದ್ದು ಚಾ ಹೇಳು. ಮೊದಲನೇದು ಯಾರದದ, ಓದ್ರಿ.”

ಸುಮೇಧಾ ಓದಿದಳು. “ಹುಮನಾಬಾದ್ ಹಾಲ್. ವಧುವಿನ ಊರು ದುಬಲಗುಂಡಿ. ವರ…” ನಿಲ್ಲಿಸಿದಳು. ಅತ್ತೆಯ ಕಡೆ ನೋಡಿದಳು. “ವರ ಸಂಘಪಾಲ. ನಿರ್ಣಾ. ಕೆಲಸ, ಟ್ರ್ಯಾಕ್ಟರ್ ಶೋರೂಮ್.”

ಕಮಳಾಬಾಯಿ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

“ಗಿರಣಿಯವನ್ನ ಕೇಳಿದೆ,” ಎಂದಳು. “ಕಟಿಂಗ್ ಅಂಗಡಿಯವನ್ನ ಕೇಳಿದೆ. ಚಾದಂಗಡಿ ಹಜಿರಾ ಬೀನ ಕೇಳಿದೆ. ಮೂರೂ ಮಂದಿ ಬಂಗಾರದಂಥಾ ಹುಡುಗ ಅಂದ್ರು.”

“ಖರೇನೇ ಹೇಳ್ಯಾರ್ರಿ ಆಯಿ,” ಎಂದ ಧನರಾಜ ಬಾಗಿಲಿನಿಂದ. “ಬಂಗಾರ ಅಂತನ ಜಲ್ದಿ ಹೋಗ್ಯಾದ.”

ಸಾವಕಾರರು ಹೊಟ್ಟೆ ಹಿಡಿದು ನಕ್ಕರು. ಸುಮೇಧಾ ನಗಲಿಲ್ಲ. ಅವಳ ಮದುವೆಗೆ ಮುಂಚೆ ಅಪ್ಪನೂ ಬಸವಕಲ್ಯಾಣಕ್ಕೆ ಬಂದು ಸಂಘರತ್ನನ ಬಗ್ಗೆ ಎಲ್ಲ ಕೇಳಿಹೋಗಿದ್ದ. ಎಲ್ಲರೂ ನಿಜವನ್ನೇ ಹೇಳಿದ್ದರು.

ಚಹಾ ಬಂತು. ಕಮಳಾಬಾಯಿ ಕಪ್ಪಿನಿಂದ ಬಸಿಗೆ ಹೊಯ್ದುಕೊಂಡಳು, ಕುಡಿಯಲಿಲ್ಲ. ಒಂದು ಕೈಯ ಐದೂ ಬೆರಳುಗಳನ್ನು ಮತ್ತೆ ಮಡಚಿ ನೋಡಿ, ಕೊನೆಗೆ ಬಸಿಯನ್ನು ಕೆಳಗಿಟ್ಟು ಇನ್ನೊಂದು ಕೈಯ ಕಿರುಬೆರಳು ಮಡಚಿದಳು.

“ಹುಡುಗ ಖಾಲಿ ಇದ್ದಾನೇನು,” ಎಂದಳು. “ಇದನ್ನ ಮೊದಲ ಕೇಳಬೇಕಾಗಿತ್ತು.”

ಆಗ ಸುಮೇಧಾ ನಕ್ಕಳು. ಎರಡು ವರ್ಷದಿಂದ ಮನೆಯಲ್ಲಿ ಆ ಸದ್ದು ಕೇಳಿರದ ಕಮಳಾಬಾಯಿ ಏನೂ ಗೊತ್ತಾಗದವಳಂತೆ ಬಸಿ ಎತ್ತಿ, ಬಸ್ಸು ತಪ್ಪುತ್ತದೆ ಎಂದು ಗೊಣಗುತ್ತ, ಚಹಾವನ್ನು ನಿಧಾನವಾಗಿ ಊದತೊಡಗಿದಳು.